ಕಲ್ಲುಸಾಲಿನಾಚೆಯ ಗಂಜಿ

ಗನಿಸಾಬ ಸಿಟ್ಟಿನ ಮನುಷ್ಯ. ಚಹಾ ಆರಿದೆ ಎಂದು ಯಾರಾದರೂ ದೂರಿದರೆ ಕಪ್ಪು ಕಸಿದುಕೊಂಡು, "ಆರೂತನಕ ಹರಟಿ ಹೊಡದವ ಯಾರು, ನಾನೋ ನೀನೋ?" ಎನ್ನುತ್ತಿದ್ದ. ಬೈದಾದ ಮೇಲೆ ಬಿಸಿ ಚಹಾ ತಂದು ಕುಕ್ಕುತ್ತಿದ್ದ. ದಾಂಡೇಲಿಯ ಕಟ್ಟಿಗೆ ಡಿಪೋದ ಎದುರಿಗೇ ಅವನ ಹೋಟೆಲು. ಹೋಟೆಲೆಂದರೆ ನಾಲ್ಕು ಬೆಂಚು, ತಗಡಿನ ಮಾಡು, ಒಂದು ಭಟ್ಟಿ. ಕ್ಯಾಸಲ್‌ರಾಕ್ ಸ್ಟೇಶನ್ನಿನ ಚಹಾದಂಗಡಿಯಲ್ಲಿ ಬಶಿ ತೊಳೆದು, ಲೋಂಡಾದಲ್ಲಿ ಭಜಿ ಕರಿಯಲು ಕಲಿತು, ಮೂವತ್ತು ತುಂಬುವ ಹೊತ್ತಿಗೆ ಇಲ್ಲಿ ಸ್ವಂತ ಒಲೆ ಹೂಡಿದ್ದ. ಗರಗಸದ ಮಿಲ್ಲಿನ ಕೂಲಿಗಳು, ಮೇಸ್ತ್ರಿಗಳು, ಕಾಡಿನಿಂದ ಕೂಲಿಗೆ ಬರುವ ಸಿದ್ದಿಗಳು ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು.

ಅಲ್ಲಿ ಉಣ್ಣದವರೆಂದರೆ ಗಾಡಿಕಾರರು. ತೇರಗಾಂವ, ಹಳಿಯಾಳದ ಕಡೆಯಿಂದ ಎತ್ತಿನ ಗಾಡಿ ಹೂಡಿಕೊಂಡು ಜೊಯಿಡಾ ಕಾಡಿಗೆ ಹೋಗಿ ಸಾಗವಾನಿ ದಿಮ್ಮಿ ತಂದು ಡಿಪೋಕ್ಕೆ ಹಾಕುವುದು ಅವರ ಕೆಲಸ. ಮುಸಲ್ಮಾನನ ಕೈಯ ನೀರು ಅವರಿಗೆ ನಡೆಯುತ್ತಿರಲಿಲ್ಲ. ಅವನ ಅಂಗಡಿಯ ಬೀಡಿ ನಡೆಯುತ್ತಿತ್ತು, ಬೆಲ್ಲ ನಡೆಯುತ್ತಿತ್ತು, ಒಣ ಅವಲಕ್ಕಿ ನಡೆಯುತ್ತಿತ್ತು. ನೀರು ಬಿದ್ದದ್ದು ಮಾತ್ರ ನಡೆಯುತ್ತಿರಲಿಲ್ಲ. ಗನಿಸಾಬನಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ಸೀಮೆಯ ರೀತಿ ಹಾಗಿತ್ತು. ಅವನೂ ಅದರಲ್ಲೇ ಬೆಳೆದವನು.

ಬೇಸರ ಹುಟ್ಟಿದ್ದು ಮೂವತ್ತೈದನೆಯ ಇಸವಿಯ ಚಳಿಜ್ವರದ ಕಾಲಕ್ಕೆ. ದಸರೆ ಮುಗಿದು ಗಾಡಿಗಳು ಕಾಡಿಗಿಳಿದ ಹದಿನೈದು ದಿನಕ್ಕೆಲ್ಲ ಗಾಡಿಕಾರರು ಗಡಗಡ ನಡುಗುತ್ತ ಮರಳತೊಡಗಿದರು. ಹಳಿಯಾಳದ ಕಂಪೌಂಡರ ವಾರಕ್ಕೊಮ್ಮೆ ಬಂದು ಕ್ವಿನೈನ್ ಗುಳಿಗೆ ಕೊಟ್ಟು, "ಬರೇ ಹೊಟ್ಟಿಗೆ ನುಂಗಬ್ಯಾಡ್ರಿ, ಮೊದಲು ಗಂಜಿ ಕುಡೀರಿ" ಎಂದು ಹೇಳಿ ಹೋಗುತ್ತಿದ್ದ. ಗಂಜಿ ಕಾಯಿಸುವವರು ಯಾರು? ಒಂದು ಮಧ್ಯಾಹ್ನ ಒಬ್ಬ ಗಾಡಿಕಾರ ಹೋಟೆಲಿನ ಮುಂದೆಯೇ ಕುಸಿದ. ಗನಿಸಾಬ ಗಂಜಿ ತಂದು ಬಾಯಿಗೆ ಹಿಡಿದರೆ ಅವನು ತುಟಿ ಬಿಗಿದ. ನೀರಿಗೆಂದು ನದಿಯ ಕಡೆಗೆ ತೆವಳಿಕೊಂಡು ಹೋಗಿ ದಂಡೆಯಲ್ಲೇ ಪ್ರಾಣ ಬಿಟ್ಟ.

ಆ ದಿನ ಗನಿಸಾಬ ಒಲೆ ಹೊತ್ತಿಸಲಿಲ್ಲ. "ನನ್ನ ಕೈಯಾಗ ವಿಷ ಐತೇನ?" ಎಂದು ಹೆಂಡತಿ ರೋಷನಬಿಯ ಮೇಲೆ ಹಾರಾಡಿದ. ಅವಳು, "ನನ್ನ ಮ್ಯಾಗ ಯಾಕ ಹಾರಾಡ್ತೀರಿ? ನಾ ಇಪ್ಪತ್ತು ವರ್ಷ ಆತು, ಅದ ಕೈಯಾಗಿನದು ತಿಂದು ಇನ್ನೂ ಬದುಕೇನಿ" ಎಂದಳು.

ಆ ಸಿಟ್ಟಿನಲ್ಲಿ ಹುಟ್ಟಿದ್ದು ಗಂಜಿಯ ಹಂಡೆ. ದ್ಯಾಮಪ್ಪ ಎಂಬ ತೇರಗಾಂವದ ಗಾಡಿಕಾರನೊಬ್ಬ ದಿಮ್ಮಿ ಉರುಳಿ ಕಾಲು ಮುರಿದುಕೊಂಡು ಡಿಪೋದ ಬೇಲಿಯ ಬದಿಗೆ ಭಿಕ್ಷುಕನಂತೆ ಬಿದ್ದಿದ್ದ. ಗನಿಸಾಬ ಅವನನ್ನು ಎಬ್ಬಿಸಿ ಕೂರಿಸಿ ಹೇಳಿದ: "ಅಕ್ಕಿ ನಂದು, ಕಟ್ಟಿಗಿ ನಂದು, ಹಂಡೆ ಹೊಸಾದು ತರ್ತೇನಿ. ನೀರು ನಿನ್ನ ಹೇಣ್ತಿ ತರಲಿ, ಕೈ ನಿಂದಿರಲಿ. ನಾನು ಮುಟ್ಟೂದಿಲ್ಲ. ಜ್ವರ ಬಂದವಗ ಪುಕ್ಕಟೆ ಗಂಜಿ. ಆಗತೈತೇನು?"

"ನೀ ಅಲ್ಲೇ ನಿಂತರೂ ಮಂದಿ ಅನುಮಾನ ಪಡ್ತಾರೋ ಗನಿಸಾಬ."

"ಹಂಗಾರ ನಾ ಎಲ್ಲಿ ನಿಂದರಬೇಕು ತೋರಸು. ಅಲ್ಲೇ ನಿಂದರ್ತೇನಿ."

ಹೋಟೆಲಿನಿಂದ ಐವತ್ತು ಹೆಜ್ಜೆ ದೂರ ಮತ್ತಿಮರದ ಕೆಳಗೆ ಒಂದು ಗುಡಿಸಲು ಎದ್ದಿತು. ಅದರ ಸುತ್ತ ಗನಿಸಾಬ ತಾನೇ ನದಿಯಿಂದ ಗುಂಡುಕಲ್ಲು ಹೊತ್ತು ತಂದು ಸಾಲಾಗಿ ಹೂಳಿದ. ಅಕ್ಕಿಯ ನುಚ್ಚಿನ ಚೀಲವನ್ನು ಆ ಸಾಲಿನ ಹೊರಗೆ ಇಳಿಸುವನು, ದ್ಯಾಮಪ್ಪನ ಹೆಂಡತಿ ಶಿವಗಂಗವ್ವ ಒಳಗೆ ಎಳೆದುಕೊಳ್ಳುವಳು. ಏಳು ವರ್ಷ ಅವನ ಪಾದ ಆ ಕಲ್ಲು ದಾಟಲಿಲ್ಲ. ಹೊರಗೆ ನಿಂತೇ ಕೂಗಾಡುತ್ತಿದ್ದ: "ದ್ಯಾಮಾ, ಉರಿ ಇಳಸೋ! ಸೌಟು ತಳಾ ಮುಟ್ಟಸೋ, ಅದೇನು ಹೇಣ್ತಿ ಗಲ್ಲ ಸವರಿದಂಗ ಸವರ್ತೀ!"

ಗಾಡಿಕಾರರು ನಗುತ್ತಿದ್ದರು. "ಸಾಬಣ್ಣ ಸೀತವ್ವ ಆಗ್ಯಾನ ನೋಡ್ರಿ, ಗೆರಿ ದಾಟಾಂಗಿಲ್ಲ" ಎಂದು ಅವರ ಹಿರಿಯ ಕರಿಬಸಪ್ಪ ಹಾಸ್ಯ ಮಾಡುತ್ತಿದ್ದ. ಗನಿಸಾಬನೂ ನಗುತ್ತಿದ್ದ. ಜ್ವರ ಬಿಟ್ಟು ಎದ್ದವರು ಕಲ್ಲಿನ ಆಚೆಯಿಂದಲೇ ಅವನಿಗೆ ಕೈ ಮುಗಿದು, "ನಿನ್ನ ಋಣ ಸಾಬಣ್ಣಾ" ಎಂದು ಹೋಗುತ್ತಿದ್ದರು. ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಕೂತ ದ್ಯಾಮಪ್ಪನಿಗೆ ಯಾರೂ ಕೈ ಮುಗಿಯಲಿಲ್ಲ. ಇದು ಗನಿಸಾಬನ ಲಕ್ಷ್ಯಕ್ಕೆ ಬರಲಿಲ್ಲ. ಬರಬೇಕಾಗಿತ್ತು.

ನಲವತ್ತೆರಡನೆಯ ಇಸವಿ. ಯುದ್ಧಕ್ಕೆಂದು ದಿಮ್ಮಿಯ ಬೇಡಿಕೆ ಹೆಚ್ಚಿ ಗಾಡಿಗಳು ದುಪ್ಪಟ್ಟಾದವು. ಜ್ವರವೂ ದುಪ್ಪಟ್ಟಾಯಿತು. ಕ್ವಿನೈನ್ ಸಿಗದಾಯಿತು. ದೀಪಾವಳಿಯ ಹಿಂದಿನ ದಿನ ಕಾಡಿನಿಂದ ನಲವತ್ತು ಗಾಡಿ ಒಟ್ಟಿಗೆ ಇಳಿದವು, ಅವುಗಳಲ್ಲಿ ಅರ್ಧಕ್ಕರ್ಧ ಜನ ಮಲಗಿದವರೇ. ಮರುದಿನ ಬೆಳಕು ಹರಿಯುವಾಗ ಗನಿಸಾಬ ಎಂದಿನಂತೆ ಕಲ್ಲುಸಾಲಿನ ಹತ್ತಿರ ಬಂದು ನಿಂತ. ಶಿವಗಂಗವ್ವ ಮಗಳ ಬಾಣಂತನಕ್ಕೆ ತೇರಗಾಂವಕ್ಕೆ ಹೋಗಿದ್ದಳು. ಒಳಗೆ ದ್ಯಾಮಪ್ಪ ಕಂಬಳಿ ಸುತ್ತಿಕೊಂಡು ಒಲೆಯ ಪಕ್ಕ ಮುದುರಿ ಬಿದ್ದಿದ್ದ. ಹಲ್ಲು ಕಟಕಟ ಅನ್ನುತ್ತಿದ್ದವು. ಹಂಡೆಯಲ್ಲಿ ಗಂಜಿ ಕೊತಕೊತ ಕುದಿಯುತ್ತಿತ್ತು.

"ಗನಿಸಾಬ, ತಳಾ ಹಿಡಿಯಾಕತ್ತೈತಿ. ಒಳಗ ಬಾ."

"ತಲಿ ಕೆಟ್ಟೈತೇನು? ಯಾರನರ ಎಬ್ಬಸು."

"ಎಬ್ಬಸಾಕ ಎದ್ದಿರೋರು ಯಾರು? ಎಲ್ಲಾರೂ ಗಾಡಿ ಕೆಳಗ ಬಿದ್ದಾರ. ಇದು ಹೊತ್ತಿದರ ಇಪ್ಪತ್ತು ಮಂದಿ ಉಪವಾಸ. ಮತ್ತ ಒಂದು ಹಂಡೆ ಮಾಡಾಕ ನುಚ್ಚಿಲ್ಲ. ನಾ ಕರಿಯಾಕತ್ತೇನಿ, ಬಾ. ನನಗ ಗೊತ್ತು, ನಿನಗ ಗೊತ್ತು. ಮತ್ತ್ಯಾರಿಗೆ?"

ಗನಿಸಾಬ ಅತ್ತಿತ್ತ ನೋಡಿದ. ಗಾಡಿಗಳ ಕಡೆ ಸದ್ದಿರಲಿಲ್ಲ. ಸೀದ ವಾಸನೆ ಮೂಗಿಗೆ ಬಡಿಯಿತು. ಹೋಟೆಲಿನವನಿಗೆ ಅನ್ನ ಸೀಯುವ ವಾಸನೆಯೆಂದರೆ ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ಕಂಡಂತೆ. ಕಾಲು ತಾನಾಗಿ ಕಲ್ಲು ದಾಟಿತು. ಸೌಟು ತೆಗೆದುಕೊಂಡು ತಳದಿಂದ ತಿರುವಿದ, ಉರಿ ಎಳೆದ, ಒಂದು ಹಿಡಿ ಉಪ್ಪು ಹಾಕಿದ. ಒಳಗಿನಿಂದ ಗುಡಿಸಲು ಎಷ್ಟು ಚಿಕ್ಕದೆಂಬುದು ಅವನಿಗೆ ಅಂದೇ ತಿಳಿದದ್ದು. ಗಂಜಿ ಹದಕ್ಕೆ ಬಂದಾಗ ದ್ಯಾಮಪ್ಪನನ್ನು ಎತ್ತಿ ಕೂರಿಸಿ, ಕೈಗೆ ಸೌಟು ಕೊಟ್ಟು, ಹೊರಗೆ ಜಿಗಿದು ಬಂದ.

ಎದ್ದು ಬಂದವರೆಲ್ಲ ಕುಡಿದರು. ಕರಿಬಸಪ್ಪ ಎರಡು ಸಲ ಹಾಕಿಸಿಕೊಂಡು, "ದ್ಯಾಮಾ, ಏಳು ವರ್ಷಕ್ಕ ಇವತ್ತ ನಿನ್ನ ಕೈಗೆ ಉಪ್ಪಿನ ಹದ ಸಿಕ್ಕತಿ ನೋಡು" ಎಂದ. ದ್ಯಾಮಪ್ಪ ಜ್ವರದಲ್ಲೂ ಗನಿಸಾಬನ ಕಡೆ ಕಣ್ಣು ಮಿಟುಕಿಸಿದ. ಗನಿಸಾಬ ನಗು ತಡೆಯಲಾರದೆ ಹೋಟೆಲಿಗೆ ಓಡಿದ. ಹಬ್ಬವೆಲ್ಲ ಆ ಖುಷಿ ಅವನ ಎದೆಯಲ್ಲಿ ಉಳಿದಿತ್ತು. ತಾನು ಮಾಡಿದ ಗಂಜಿಯನ್ನು ಅವರು ಹೊಗಳಿ ಕುಡಿದಿದ್ದರು.

ಮರುವರ್ಷ ಕಂಟ್ರೋಲ್ ಬಂತು. ಪರವಾನಿಗೆ ಇಲ್ಲದೆ ಯಾರೂ ಒಂದು ಚೀಲ ಅಕ್ಕಿ ಸಾಗಿಸುವ ಹಾಗಿರಲಿಲ್ಲ. ಹಳಿಯಾಳದ ಕಟ್ಟಿಗೆ ಗುತ್ತಿಗೆದಾರ ಶೇಖಪ್ಪ ತನ್ನ ಗಾಡಿಕಾರರಿಗೆಂದು ಡಿಪೋದ ಬದಿಗೆ ಒಂದು ದೊಡ್ಡ ಹೋಟೆಲು ಕಟ್ಟಿಸುವುದಾಗಿ ಸಾರಿದ. ಅದನ್ನು ನಡೆಸುವವನ ಹೆಸರಿಗೆ ಅಕ್ಕಿಯ ಪರವಾನಿಗೆಯನ್ನೂ ತಾನೇ ಮಾಡಿಸಿಕೊಡುತ್ತೇನೆಂದ. ಅದು ಸಿಕ್ಕರೆ ಗಂಜಿಯ ಹಂಡೆ ಉಳಿಯುತ್ತಿತ್ತು. ಸಿಗದಿದ್ದರೆ ಮುಂದಿನ ಜ್ವರದ ಹೊತ್ತಿಗೆ ಹಂಡೆಗೆ ಹಾಕಲು ನುಚ್ಚೇ ಇರುವುದಿಲ್ಲ. ಗನಿಸಾಬನಿಗೆ ಇದ್ದ ಚಿಂತೆ ಅದೊಂದೇ.

ಶೇಖಪ್ಪನೂ ಒಪ್ಪಿದ್ದ. "ಒಳಗ ಅಡಿಗಿ ನಮ್ಮವರ ಮಾಡಲಿ, ಯಜಮಾನಿಕಿ ನಿಂದಿರಲಿ. ಆದ್ರ ಗಾಡಿಕಾರರು ಹೂಂ ಅನಬೇಕು, ಸಾಬ. ಐತವಾರ ಎಲ್ಲಾರನ್ನೂ ಕೂಡಸ್ತೇನಿ" ಎಂದ.

"ಅವರೇನು ಇಲ್ಲ ಅಂತಾರ್ರೀ? ದ್ಯಾಮಪ್ಪ ನನ್ನ ಪರ ಮಾತಾಡ್ತಾನ" ಎಂದು ಗನಿಸಾಬ ಎದೆ ತಟ್ಟಿಕೊಂಡು ಬಂದ.

ಬಂದವನೇ ದ್ಯಾಮಪ್ಪನಿಗೆ ಸುದ್ದಿ ಹೇಳಿದ. ದ್ಯಾಮಪ್ಪ ಒಲೆಯ ಬೂದಿ ಎಳೆಯುತ್ತ ಕೇಳಿದ: "ಬೋರ್ಡಿನ ಮ್ಯಾಗ ಯಾರ ಹೆಸರು ಬರಸ್ತೀ?"

"ನಂದ. ಮತ್ತ್ಯಾರದು ಬರೀಬೇಕು, ನಿಮ್ಮಪ್ಪಂದು?"

"ನಾನು?"

"ನೀ ಒಲಿ ಮುಂದ ಇರ್ತೀಯಲ್ಲ, ಸಾಕು. ಕುಂಟಗ ಬೋರ್ಡ್ ಯಾಕೋ!"

ಗನಿಸಾಬ ಗಹಗಹಿಸಿ ನಕ್ಕ. ಅವನ ಹಾಸ್ಯ ಯಾವಾಗಲೂ ಹಾಗೆಯೇ, ಸೌಟಿನಿಂದ ಹೊಡೆದಂತೆ. ದ್ಯಾಮಪ್ಪನೂ ಹಲ್ಲು ತೋರಿಸಿದ. ಬೂದಿ ಎಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಐತವಾರ ಮತ್ತಿಮರದ ಕೆಳಗೆ ಅರವತ್ತು ಜನ ಗಾಡಿಕಾರರು ಕೂತರು. ಶೇಖಪ್ಪನಿಗೆ ಕುರ್ಚಿ ಹಾಕಿದ್ದರು. ಗನಿಸಾಬ ಇಸ್ತ್ರಿಯ ಅಂಗಿ ತೊಟ್ಟು, ಅಭ್ಯಾಸದಂತೆ, ಕಲ್ಲುಸಾಲಿನ ಹೊರಗೆ ನಿಂತಿದ್ದ. ಕರಿಬಸಪ್ಪ ಎದ್ದು ನಾಲ್ಕು ಒಳ್ಳೆಯ ಮಾತು ಹೇಳಿದ. ಸಾಬಣ್ಣನ ಅಕ್ಕಿ ಉಂಡವರು ನಾವು, ಅವನ ಯಜಮಾನಿಕೆಗೆ ನಮ್ಮ ತಕರಾರಿಲ್ಲ ಎಂದ. "ದ್ಯಾಮಪ್ಪ, ನೀ ಹತ್ತಿರದಾಂವ, ನೀ ಹೇಳು" ಎಂದು ಕೂತ.

ದ್ಯಾಮಪ್ಪ ಬಡಿಗೆ ಊರಿ ಎದ್ದ. ನೆಲ ನೋಡುತ್ತ, ಆದರೆ ಗಟ್ಟಿಯಾಗಿಯೇ ಹೇಳಿದ: "ಗಂಜಿಗೆ ಸಾಬಣ್ಣ ಕೈ ಹಾಕ್ಯಾನ. ಹ್ವಾದ ವರ್ಷ ದೀಪಾವಳಿಗೆ. ಕಲ್ಲು ದಾಟಿ ಒಳಗ ಬಂದು ಸೌಟು ಹಿಡದು ತಿರುವ್ಯಾನ, ಉಪ್ಪು ಹಾಕ್ಯಾನ. ಆ ಗಂಜಿ ನೀವೆಲ್ಲಾ ಕುಡದೀರಿ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನ ನನ್ನಿಂದ ಆಗೂದಿಲ್ಲ."

ಅರವತ್ತು ಜನರೂ ಒಟ್ಟಿಗೆ ಎದ್ದರು. ಒಬ್ಬ ಥೂ ಎಂದು ಉಗುಳಿದ. ಅದನ್ನು ನೋಡಿ ಎಲ್ಲರೂ ಉಗುಳಿದರು.

"ದ್ಯಾಮಾ!" ಗನಿಸಾಬ ಕೂಗಿದ. "ನೀನ ಕರದ್ಯಲ್ಲೋ! ನೀನ ಬಾ ಅಂದ್ಯಲ್ಲೋ, ತಳಾ ಹಿಡೀತೈತಿ ಅಂತ!"

"ನನಗ ಜ್ವರ ಇತ್ತು. ನನಗ ಎಚ್ಚರ ಇದ್ದಿದ್ದಿಲ್ಲ. ಎಚ್ಚರಾದಾಗ ಸೌಟು ನಿನ್ನ ಕೈಯಾಗಿತ್ತು."

"ಸುಳ್ಳು! ಕಣ್ಣು ಮಿಟಕಿಸಿದಿ ನೀನು!"

ಅರವತ್ತು ಜನರ ಮುಂದೆ ಈ ಮಾತು ಎಷ್ಟು ಹುಡುಗಾಟದ್ದಾಗಿ ಕೇಳಿಸಿತೆಂದರೆ, ಹೇಳಿದ ಗನಿಸಾಬನಿಗೇ ನಾಚಿಕೆಯಾಯಿತು. ಅವನು ಕರಿಬಸಪ್ಪನ ಕಡೆ ನೋಡಿದ. ಕರಿಬಸಪ್ಪ ಧೋತರದ ಚುಂಗು ಸರಿಪಡಿಸಿಕೊಳ್ಳುತ್ತ, "ಕೆಲಸ ಕೆಡಿಸಿದಿ ಸಾಬಣ್ಣಾ" ಎಂದಷ್ಟೇ ಹೇಳಿದ. ಶೇಖಪ್ಪ ಕುರ್ಚಿಯಿಂದ ಎದ್ದ. ಹೋಟೆಲು ದ್ಯಾಮಪ್ಪನಿಗೆ ಆಯಿತು. ಗಾಡಿಕಾರರು ಉಳವಿ ಕ್ಷೇತ್ರಕ್ಕೆ ಹೋಗಿ ಮಿಂದು ಶುದ್ಧರಾಗಿ ಬಂದರು.

ದ್ಯಾಮಪ್ಪ ತನ್ನ ಹೆಸರಿನ ಬೋರ್ಡು ಬರೆಸಿದ. ರೊಟ್ಟಿ, ಝುಣಕ, ಅನ್ನ, ಸಾರು ಭರ್ಜರಿಯಾಗಿಯೇ ನಡೆಸಿದ. ಜ್ವರದ ಗಂಜಿ ಮಾತ್ರ ನಿಂತಿತು. ಪರವಾನಿಗೆಯ ಅಕ್ಕಿ ದುಡಿಯುವವರ ಊಟಕ್ಕೇ ಸಾಲುವುದಿಲ್ಲ, ಮಲಗಿದವರಿಗೆ ಎಲ್ಲಿಂದ ತರಲಿ ಎನ್ನುತ್ತಿದ್ದ. ಮೈಲಿಗೆಯಾದ ಹಂಡೆಯನ್ನು ಅವನ ಆಳುಗಳು ಉರುಳಿಸಿಕೊಂಡು ಬಂದು ಗನಿಸಾಬನ ಹೋಟೆಲಿನ ಮುಂದೆ ಬೋರಲು ಹಾಕಿ ಹೋದರು. ಶಿವಗಂಗವ್ವ ಆ ದಾರಿಗೆ ಬಂದಾಗಲೆಲ್ಲ ಸೆರಗು ಮುಖಕ್ಕೆ ಎಳೆದುಕೊಂಡು ಸರಿದು ಹೋಗುತ್ತಿದ್ದಳು.

"ಒಬ್ಬ ಕೆಟ್ಟಾಂವ ಹುಟ್ಟಿದ, ಸುಳ್ಳು ಹೇಳಿದ" ಎಂದು ಗನಿಸಾಬ ರೋಷನಬಿಯ ಮುಂದೆ ನೂರು ಸಲ ಹೇಳಿಕೊಂಡ. "ಉಳದವರಿಗೆ ಗೊತ್ತಿದ್ದಿದ್ದಿಲ್ಲ. ಗೊತ್ತಿಲ್ಲದ ಉಂಡವರಿಗೆ ಸಿಟ್ಟು ಬರೂದು ಖರೇನ. ಅವರದೇನು ತಪ್ಪು?" ಈ ಒಂದು ಮಾತಿನ ಮೇಲೆ ಅವನು ಆ ಮಳೆಗಾಲ ದೂಡಿದ. ಹಾಳಾಗಿದ್ದು ಒಬ್ಬ ಮನುಷ್ಯ, ಊರಲ್ಲ.

ದಸರೆ ಕಳೆಯಿತು, ಜ್ವರ ಬಂತು. ಸಂತಾನ ಎಂಬ ಸಿದ್ದಿ ಮತ್ತು ಅವನ ಹೆಂಡತಿ ಕ್ರಿಸ್ತಿನಾ ಕೂಲಿಗೆ ಬಂದವರು ಬೋರಲು ಬಿದ್ದ ಹಂಡೆ ನೋಡಿ ನಿಂತರು. ಅವರ ಕೇರಿಯಲ್ಲೂ ಜನ ಮಲಗಿದ್ದರು. ಮರುದಿನ ಕ್ರಿಸ್ತಿನಾ ಮಡಿಲಿನ ತುಂಬ ಕೆಂಪು ನುಚ್ಚು ತಂದು ಸುರಿದಳು. "ಮನೀಗೊಂದು ಹಿಡಿ ಕೂಡಿಸೇವ್ರಿ ಬಾಬಾ. ಕುದಸ್ರಿ. ನಮಗ ಯಾವ ಕಲ್ಲೂ ಬ್ಯಾಡ" ಎಂದಳು. ಗನಿಸಾಬ ತನ್ನ ಮನೆಯ ಅಕ್ಕಿಯನ್ನೂ ಬೆರೆಸಿ ಹೋಟೆಲಿನ ಮುಂದೆ, ಹಾಡಹಗಲಲ್ಲಿ, ತನ್ನ ಕೈಯಿಂದಲೇ ಗಂಜಿ ಕಾಯಿಸಿದ. ಹಂಡೆಯ ಕಾಲುಭಾಗವೂ ತುಂಬಲಿಲ್ಲ. ಸಿದ್ದಿಗಳು ಬಂದರು, ಮಿಲ್ಲಿನ ಕೂಲಿಗಳು ಬಂದರು. ಗಾಡಿಕಾರರು ದೂರದಿಂದ ನೋಡಿ ಹೋದರು.

ಎಂಟನೆಯ ದಿನ ಕರಿಬಸಪ್ಪ ಬಂದ. ರಸ್ತೆಯಲ್ಲಿ ಆರು ಗಾಡಿ ನಿಂತಿದ್ದವು. ಕೊನೆಯ ಗಾಡಿ ಅವನದು. ಅದರಲ್ಲಿ ಅವನ ಅಳಿಯ ಉಳವಪ್ಪ ಗೋಣಿ ಹೊದ್ದು ಮಲಗಿದ್ದ.

"ಸಾಬಣ್ಣಾ, ಮೂರು ದಿನ ಆತು, ಹುಡುಗನ ಹೊಟ್ಯಾಗ ಏನೂ ನಿಂತಿಲ್ಲ. ಆ ದ್ಯಾಮ್ಯಾನ ಖಾರ ಸಾರು ವಾಂತಿ ಆಗತೈತಿ. ಮತ್ತ ಮೊದಲಿನಂಗ ಕಲ್ಲು ಹೂಳೂಣು. ನಾನ ಸೌಟು ಹಿಡೀತೇನಿ. ನೀ ಹೊರಗ ನಿಂದ್ರು."

"ನಾನು ಮುಟ್ಟಿದ ಹಂಡೇರೀ ಇದು. ನಿಮ್ಮ ಮಂದಿ ಉಳವಿಗೆ ಹೋಗಿ ತೊಳಕೊಂಡು ಬಂದ್ರಲ್ಲ."

ಕರಿಬಸಪ್ಪ ಧ್ವನಿ ತಗ್ಗಿಸಿದ. "ಹಳೇದು ಬಿಡೋ. ಅವತ್ತ ನಾ ಎಚ್ಚರಿದ್ದೆ. ಗಾಡಿ ಕೆಳಗ ಮಲಗಿದ್ದೆ, ನೀ ಕಲ್ಲು ದಾಟಿದ್ದು ನೋಡೇನಿ. ನಾನೊಬ್ಬನ ಅಲ್ಲ, ಐದಾರು ಮಂದಿ ನೋಡ್ಯಾರ. ಕುಡಿಯೂ ಹೊತ್ತಿಗೆ ಎಲ್ಲಾರಿಗೂ ಗೊತ್ತಿತ್ತು. ಹಸಿವು ಇತ್ತು, ಸುಮ್ಮನ ಕುಡದ್ವಿ. ಉಪ್ಪು ಛಲೋ ಬಿದ್ದಿತ್ತು ಅಂತ ಅದಕ್ಕ ಅಂದೆ ನಾನು."

ಗನಿಸಾಬನ ಕೈಯಲ್ಲಿದ್ದ ಸೌಟು ಹಂಡೆಯ ಅಂಚಿಗೆ ತಗಲಿ ಠಣ್ಣೆಂದಿತು.

"ಗೊತ್ತಿತ್ತು?"

"ಹೂಂ."

"ಗೊತ್ತಿದ್ದೂ ಉಗುಳಿದ್ರಿ?"

"ನಾಕು ಮಂದಿ ಮುಂದ ಒಬ್ಬಾಂವ ಬಾಯಿಬಿಟ್ಟು ಹೇಳಿದ ಮ್ಯಾಗ ಏನು ಮಾಡೂದೋ? ಉಣ್ಣೂದು ಬ್ಯಾರೆ, ಉಂಡೇನಿ ಅನ್ನೂದು ಬ್ಯಾರೆ. ನಮಗೂ ಹೆಣ್ಣು ಕೊಡೂದು ತರೂದು ಐತಿ."

ಸಿಟ್ಟಿನ ಮನುಷ್ಯನಿಗೆ ಆಗ ಸಿಟ್ಟೇ ಬರಲಿಲ್ಲ. ಒಂದು ಮಳೆಗಾಲ ಪೂರ್ತಿ ಅವನು ಅಪ್ಪಿ ಹಿಡಿದಿದ್ದ ಕಂಬ ಹುಳು ತಿಂದು ಟೊಳ್ಳಾಗಿತ್ತು. ದ್ಯಾಮಪ್ಪ ಒಬ್ಬನೇ ಮೋಸ ಮಾಡಿದ್ದಿದ್ದರೆ ಅವನೊಬ್ಬನನ್ನು ಶಪಿಸಿ ಬದುಕಬಹುದಿತ್ತು. ಆ ದಿನ ಕೂತ ಅರವತ್ತು ಜನರಲ್ಲಿ ಒಬ್ಬ, ಒಬ್ಬನೇ ಒಬ್ಬ, ‘ನಮಗೂ ಗೊತ್ತಿತ್ತು’ ಎಂದಿದ್ದರೆ ಹಂಡೆ ಉಳಿಯುತ್ತಿತ್ತು.

"ಕರಿಬಸಪ್ಪಾ," ಎಂದ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ. "ಇನ್ನ ಕಲ್ಲು ಇಲ್ಲ. ಹಂಡೆ ಇಲ್ಲೈತಿ, ಸೌಟು ನನ್ನ ಕೈಯಾಗ ಐತಿ. ಕುಡಿಯೋರು ಇಲ್ಲೇ ಬಂದು, ಬಿಸಲಾಗ ನಿಂತು, ಎಲ್ಲಾರ ಎದುರಿಗೆ ಕುಡೀಬೇಕು. ಗನಿಸಾಬನ ಕೈಯಿಂದ ಕುಡದೇನಿ ಅನಬೇಕು. ಇಲ್ಲಾಂದ್ರ ಗಾಡಿ ಹೊಡಿ."

ಗೋಣಿಯ ಒಳಗಿನಿಂದ ಉಳವಪ್ಪ ತಲೆ ಎತ್ತಿದ. "ಮಾವಾ, ಕುಡೀತೇನಿ ನಾನು. ಇಳಸ್ರಿ."

ಕರಿಬಸಪ್ಪ ಮುಂದಿನ ಐದು ಗಾಡಿಗಳ ಕಡೆ ನೋಡಿದ. ಐವರೂ ತಿರುಗಿ ಅವನನ್ನೇ ನೋಡುತ್ತಿದ್ದರು. ಅವನು ಗಾಡಿಯ ಮುಂದಿನ ಮೂಕಿಯ ಮೇಲೆ ಹತ್ತಿ ಎತ್ತಿನ ಬಾಲ ತಿರುವಿದ. ಗಾಡಿಗಳು ಹಳಿಯಾಳದ ದಾರಿ ಹಿಡಿದವು.

ಗನಿಸಾಬ ಅಲ್ಲಾಡದೆ ನಿಂತ. ಹೋಗಲಿ. ಸಾಯಲಿ. ತಾನು ಆಡಿದ್ದರಲ್ಲಿ ತಪ್ಪೇನಿತ್ತು? ಗಾಲಿಗಳ ಕಿರುಗುಟ್ಟುವಿಕೆ ದೂರವಾಗುತ್ತ ಹೋಯಿತು. ಉಳವಪ್ಪನ ತಲೆ ಗೋಣಿಯೊಳಗೆ ಮತ್ತೆ ಇಳಿದದ್ದನ್ನು ಅವನು ನೋಡಿದ್ದ.

"ಥೂ ನಿನ್ನ!" ಎಂದು ಯಾರಿಗೋ ಬೈದು, ತಂಬಿಗೆಯಲ್ಲಿ ಗಂಜಿ ತುಂಬಿಕೊಂಡು ಓಡಿದ. ಐವತ್ತು ದಾಟಿದ ಮೈ. ಬಿಸಿ ಗಂಜಿ ಚೆಲ್ಲಿ ಮೊಣಕೈವರೆಗೆ ಸುಟ್ಟಿತು. ಮುಂದಿನ ಗಾಡಿಗಳು ಬಿದಿರಮೆಳೆಯ ತಿರುವು ದಾಟಿ ಮರೆಯಾಗಿದ್ದವು. ಕೊನೆಯ ಗಾಡಿ ತಿರುವಿಗೆ ಬಂದಾಗ ಅವನು ಅದರ ಹಿಂಬದಿಯನ್ನು ಹಿಡಿದ. ಕರಿಬಸಪ್ಪ ಎತ್ತು ನಿಲ್ಲಿಸಿದ. ಇಳಿದು ಬಂದು ಅಳಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಗನಿಸಾಬ ತಂಬಿಗೆ ಹಿಡಿದ. ಉಳವಪ್ಪ ಕಣ್ಣು ಮುಚ್ಚಿಕೊಂಡು, ತಡೆತಡೆದು, ಪೂರ್ತಿ ಕುಡಿದ.

ಕರಿಬಸಪ್ಪ ಹುಡುಗನ ಬಾಯಿಯನ್ನು ತನ್ನ ರುಮಾಲಿನಿಂದ ಒರೆಸಿದ. ಗಂಜಿಯ ಗುರುತು ಗಡ್ಡದ ಮೇಲೆ ಉಳಿಯದ ಹಾಗೆ ಎರಡು ಸಲ ಒರೆಸಿದ. ಆಮೇಲೆ ರಸ್ತೆಯ ಎರಡೂ ಕಡೆ ಕತ್ತು ಚಾಚಿ ನೋಡಿ ಕೇಳಿದ:

"ಯಾರೂ ನೋಡಲಿಲ್ಲಲ್ಲ?"

ಗನಿಸಾಬ ಅವನ ಮುಖ ನೋಡಿದ. ಹೇಳಬೇಕಾದ ಮಾತುಗಳೆಲ್ಲ ಬಾಯಿಗೆ ಬಂದವು. ಹುಡುಗನ ಉಸಿರು ಈಗಷ್ಟೇ ನೆಟ್ಟಗಾಗಿತ್ತು. ಗನಿಸಾಬ ಖಾಲಿ ತಂಬಿಗೆ ಹಿಡಿದು ತಿರುಗಿ ನಡೆದ.

ಹೋಟೆಲಿನ ಮುಂದೆ ಸಂತಾನ, ಕ್ರಿಸ್ತಿನಾ, ಹತ್ತೆಂಟು ಕೂಲಿಗಳು ಅವನ ದಾರಿ ಕಾಯುತ್ತಿದ್ದರು. ಸಂತಾನ ಎದ್ದು ಬಂದ.

"ಕುಡದ್ನೇನ್ರಿ ಬಾಬಾ?"

ಕೂಲಿಗಳೆಲ್ಲ ಅವನ ಬಾಯಿ ನೋಡುತ್ತಿದ್ದರು. ಕುಡಿದ ಎಂದರೆ ಸಂಜೆಯೊಳಗೆ ಡಿಪೋಕ್ಕೆಲ್ಲ ಗೊತ್ತಾಗುತ್ತಿತ್ತು. ಹುಡುಗನನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದರು. ನಾಳೆ ಇನ್ನೊಬ್ಬ ಜ್ವರದವನಿಗೆ ಕುಡಿಸಲು ಬಿದಿರಮೆಳೆಯ ಹಿಂದೆ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ.

"ಇಲ್ಲ," ಎಂದ ಗನಿಸಾಬ. "ಚೆಲ್ಲಿ ಹೋತು." ಸುಟ್ಟ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವರಲ್ಲಿ ಯಾರ ಕಡೆಗೂ ನೋಡದೆ, ಒಲೆಯ ಮುಂದೆ ಹೋಗಿ ಕೂತ.